ಮ್ಯಾಕ್ವಾರಿ ಐಸ್ ರಿಂಕ್: ಅಂಗಡಿ ಸಾಲಾಗದೆ ಉಳಿದ ಐಸ್, ಅದನ್ನು ಬಳಸುವ ಬಗೆ

ಸಿಡ್ನಿಯಲ್ಲಿ ಮಕ್ಕಳಿಗೆ ಐಸ್ ಸ್ಕೇಟಿಂಗ್ ಕಲಿಸಬೇಕು ಎನ್ನುವವರಿಗೆ ಮೊದಲು ಹೇಳಬೇಕಾದ ಹೆಸರು ಮ್ಯಾಕ್ವಾರಿ ಐಸ್ ರಿಂಕ್. ಇರುವುದು ನಾರ್ತ್ ರೈಡ್ ಕಡೆಯ ಮ್ಯಾಕ್ವಾರಿ ಸೆಂಟರ್ ಮಾಲ್‌ನ ಒಳಗೇ, ಕೆಳ ಅಂತಸ್ತಿನಲ್ಲಿ. ಮಾಲ್ ಬಾಗಿಲು ತೆರೆದದ್ದು 1981ರಲ್ಲಿ, ರಿಂಕೂ ಅದೇ ಕಾಲದ್ದು. ಅಳತೆ 60 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಕಡೆಯ ಲೆಕ್ಕದಲ್ಲಿ 30-40ರ ಹದಿನಾರು ಸೈಟು ಒಂದಕ್ಕೊಂದು ಅಂಟಿಸಿದಷ್ಟು ಜಾಗ, ನಡುವೆ ಒಂದೂ ಕಂಬವಿಲ್ಲ. ಮಾಲ್ ಮಾಲೀಕರ ಕಣ್ಣಿಗೆ ಇಂಥ ಜಾಗ ಹೇಗೆ ಕಾಣುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

2022ರ ಡಿಸೆಂಬರ್‌ನಲ್ಲಿ ಕುತ್ತು ಬಂದದ್ದೂ ಅದರಿಂದಲೇ. 2023ರ ಜನವರಿ 31ಕ್ಕೆ ರಿಂಕ್ ಮುಚ್ಚುತ್ತದೆ, ಆ ಜಾಗವನ್ನು ಅಂಗಡಿಗಳಿಗಾಗಿ ಮರುರೂಪಿಸಲಾಗುತ್ತದೆ ಎಂಬ ಸುದ್ದಿ ಹೊರಬಿತ್ತು. ಎರಡು ತಿಂಗಳೂ ಇರಲಿಲ್ಲ, ಅದರಲ್ಲಿ ಅರ್ಧ ಕ್ರಿಸ್‌ಮಸ್ ರಜೆ. ಸ್ಕೇಟರ್‌ಗಳು, ಐಸ್ ಹಾಕಿ ಕ್ಲಬ್‌ನವರು, ಮಕ್ಕಳ ತಂದೆತಾಯಿಯರು, ಸುತ್ತಮುತ್ತಲ ನಿವಾಸಿಗಳು ಸೇರಿ ಹುಯಿಲೆಬ್ಬಿಸಿದರು. ಸಾವಿರಾರು ಸಹಿ ಬಿತ್ತು, ರೈಡ್ ನಗರಸಭೆ ಪಾರಂಪರಿಕ ರಕ್ಷಣೆಯ ದಾರಿ ಹಿಡಿಯಿತು, ರಾಜ್ಯದ ರಾಜಕಾರಣಿಗಳೂ ದನಿಗೂಡಿಸಿದರು. ಮುಚ್ಚುವ ದಿನ ಬರುವ ಮೊದಲೇ ಮಾಲ್ ಕಡೆಯವರಿಗೂ ರಿಂಕ್ ನಡೆಸುವವರಿಗೂ ಒಪ್ಪಂದವಾಗಿ ಐಸ್ ಉಳಿಯಿತು. ಹಾಗೆ ಉಳಿಸಿಕೊಂಡ ಸೇವೆ ಹೇಗಿದೆ, ಅದರಿಂದ ಪೂರ್ತಿ ಲಾಭ ಪಡೆಯುವುದು ಹೇಗೆ, ಮತ್ತೆ ಕುತ್ತು ಬಂದರೆ ಯಾವ ಹಗ್ಗ ಹಿಡಿಯಬೇಕು ಎನ್ನುವುದಕ್ಕೆ ಈ ವಿಮರ್ಶೆ.

ಮೊದಲು ಅಳತೆಯ ಮಾತು, ಯಾಕೆಂದರೆ ಈ ರಿಂಕ್‌ನ ಬೆಲೆ ಇರುವುದೇ ಅಲ್ಲಿ. ಉತ್ತರ ಅಮೆರಿಕದ ಹಾಕಿ ರಿಂಕ್‌ಗಳ ಉದ್ದ ಹೆಚ್ಚುಕಡಿಮೆ ಇಷ್ಟೇ, ಅಗಲ ಮಾತ್ರ ಸುಮಾರು 26 ಮೀಟರ್. ಆ ನಾಲ್ಕು ಮೀಟರ್‌ನಲ್ಲಿ ಬಹಳ ವ್ಯತ್ಯಾಸವಿದೆ. ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್, ಅಂದರೆ ಚಿಕ್ಕ ಸುತ್ತಿನ ಐಸ್ ಓಟ, ಅದರ ಒಂದು ಸುತ್ತು 111.12 ಮೀಟರ್, ಅದನ್ನು ಹಾಕಬೇಕಾದ ಅಂಗಳ 60ಕ್ಕೆ 30. ಮ್ಯಾಕ್ವಾರಿಯಲ್ಲಿ ಅದು ಸರಿಯಾಗಿ ಕೂರುತ್ತದೆ. 1991ರ ವಿಶ್ವ ಶಾರ್ಟ್ ಟ್ರ್ಯಾಕ್ ಚಾಂಪಿಯನ್‌ಷಿಪ್ ಇಲ್ಲಿ ನಡೆಯಲು ಸಾಧ್ಯವಾದದ್ದೂ ಅದಕ್ಕೇ. ಆ ಕೂಟದಲ್ಲಿ ಆಸ್ಟ್ರೇಲಿಯಾದ ಗಂಡಸರ ತಂಡ 5,000 ಮೀಟರ್ ರಿಲೇ ಗೆದ್ದಿತು. ಚಳಿಗಾಲದ ಕ್ರೀಡೆಯಲ್ಲಿ ದೇಶಕ್ಕೆ ಸಿಕ್ಕ ಮೊದಲ ವಿಶ್ವ ಚಾಂಪಿಯನ್ ಪಟ್ಟ ಅದು. ತಂಡದಲ್ಲಿದ್ದ ಹುಡುಗ ಸ್ಟೀವನ್ ಬ್ರ್ಯಾಡ್‌ಬರಿ. 1994ರ ಲಿಲ್ಲೆಹ್ಯಾಮರ್‌ನಲ್ಲಿ ಅದೇ ರಿಲೇಯಲ್ಲಿ ಕಂಚು, ದೇಶದ ಮೊದಲ ಚಳಿಗಾಲದ ಒಲಿಂಪಿಕ್ ಪದಕ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ 1,000 ಮೀಟರ್ ಓಟದ ಕೊನೆಯ ತಿರುವಿನಲ್ಲಿ ಮುಂದಿದ್ದವರೆಲ್ಲ ಬಿದ್ದಾಗ ಹಿಂದಿನಿಂದ ಬಂದು ಚಿನ್ನ ಗೆದ್ದವನೂ ಅವನೇ. ಮಾಲ್‌ನ ಕೆಳ ಅಂತಸ್ತಿನ ಒಂದು ಅಂಗಳಕ್ಕೆ ಇಷ್ಟು ಚರಿತ್ರೆ ಅಂಟಿಕೊಂಡಿದೆ. ಹಾಕಿ ತಂಡ ಸಿಡ್ನಿ ಬೇರ್ಸ್ ಕೂಡ 1982ರಲ್ಲಿ ಮ್ಯಾಕ್ವಾರಿ ಬೇರ್ಸ್ ಎಂಬ ಹೆಸರಿನಲ್ಲೇ ಹುಟ್ಟಿದ್ದು.

ಕಲಿಯುವವರಿಗೆ ಈ ಅಗಲದಿಂದ ಏನು ಲಾಭ? ಅಂಚಿನ ಬೋರ್ಡ್ ಹಿಡಿದು ನಡೆಯುವ ಹೊಸಬರು, ಸುತ್ತು ಹಾಕುವವರು, ನಡುವೆ ತಿರುಗುವಿಕೆ ಅಭ್ಯಾಸ ಮಾಡುವವರು, ಮೂವರಿಗೂ ಬೇರೆ ಬೇರೆ ಜಾಗ ಸಿಗುತ್ತದೆ. ಚಿಕ್ಕ ರಿಂಕ್‌ನಲ್ಲಿ ಈ ಮೂರು ಗುಂಪು ಒಂದರ ಮೇಲೊಂದು ಬೀಳುತ್ತವೆ, ಹೊಸಬರು ಬಿದ್ದು ಏಳುವಷ್ಟರಲ್ಲಿ ಹಿಂದಿನವರು ಮೈಮೇಲೆ ಬಂದಿರುತ್ತಾರೆ.

ಐಸ್‌ನ ಗುಣ ಗುರುತಿಸುವುದನ್ನು ಕಲಿತರೆ ಕೊಟ್ಟ ದುಡ್ಡಿಗೆ ನ್ಯಾಯ ಸಿಗುತ್ತದೆ. ಯಾವುದೇ ಒಳಾಂಗಣ ರಿಂಕ್‌ನಲ್ಲಿ ಐಸ್‌ನ ದಪ್ಪ ಸಾಮಾನ್ಯವಾಗಿ 25ರಿಂದ 40 ಮಿಲಿಮೀಟರ್. 30 ಮಿಲಿಮೀಟರ್ ಎಂದು ಹಿಡಿದರೂ ಈ ಅಳತೆಯ ಅಂಗಳಕ್ಕೆ ಸುಮಾರು 50,000 ಲೀಟರ್ ನೀರು ಬೇಕು. ಅದನ್ನು ಒಂದೇ ಸಲ ಸುರಿಯುವುದಿಲ್ಲ. ತಣ್ಣಗಾದ ಕಾಂಕ್ರೀಟ್ ಮೇಲೆ ತೆಳು ಪದರಗಳಾಗಿ ಸಿಂಪಡಿಸಿ, ಒಂದೊಂದೂ ಗಟ್ಟಿಯಾದ ಮೇಲೆ ಮುಂದಿನದು. ಕೆಲವು ಪದರ ಆದಮೇಲೆ ಬಿಳಿ ಬಣ್ಣ, ಅದರ ಮೇಲೆ ಹಾಕಿಯ ಗೆರೆಗಳು, ಮತ್ತೆ ಮೇಲೆ ನೀರಿನ ಪದರಗಳು. ಅವಸರದಲ್ಲಿ ದಪ್ಪಗೆ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಐಸ್ ಬಿರುಕು ಬಿಡುತ್ತದೆ, ಬ್ಲೇಡ್ ಬಿದ್ದಲ್ಲೆಲ್ಲ ಚಕ್ಕೆ ಏಳುತ್ತದೆ.

ಮೇಲ್ಮೈಯ ಉಷ್ಣಾಂಶದಲ್ಲೂ ಲೆಕ್ಕವಿದೆ. ಹಾಕಿಗೆ ಗಟ್ಟಿ ಐಸ್ ಬೇಕು, ಮೈನಸ್ 5–6 ಡಿಗ್ರಿ. ಫಿಗರ್ ಸ್ಕೇಟಿಂಗ್‌ಗೆ ಮೈನಸ್ 3–4 ಸಾಕು; ಜಿಗಿದು ಇಳಿಯುವಾಗ ಬ್ಲೇಡ್‌ನ ಅಂಚು ಕಚ್ಚಲು ಐಸ್ ಕೊಂಚ ಮೆದುವಾಗಿರಬೇಕು. ಒಂದೇ ಅಂಗಳದಲ್ಲಿ ಬೆಳಿಗ್ಗೆ ಫಿಗರ್, ಮಧ್ಯಾಹ್ನ ಸಾರ್ವಜನಿಕರು, ರಾತ್ರಿ ಹಾಕಿ ನಡೆಸುವ ರಿಂಕ್ ಈ ಎರಡರ ನಡುವೆ ರಾಜಿ ಮಾಡಿಕೊಳ್ಳಲೇಬೇಕು. ಹಾಗಾಗಿ ಐಸ್ ಮೆದುವಾಗಿದೆ ಎನಿಸಿದ ಕೂಡಲೇ ನಿರ್ವಹಣೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಕೆಟ್ಟ ನಿರ್ವಹಣೆಯ ಗುರುತು ಬೇರೆ: ಬೋರ್ಡ್ ಪಕ್ಕದಲ್ಲಿ ಐಸ್ ಏರಿಯಂತೆ ಎತ್ತರವಾಗಿ ನಡುವೆ ತಗ್ಗಾಗಿರುವುದು, ಒಂದೇ ಜಾಗದಲ್ಲಿ ದಿನವೂ ನೀರು ನಿಲ್ಲುವುದು, ಛಾವಣಿಯಿಂದ ಹನಿ ಬಿದ್ದು ಐಸ್ ಮೇಲೆ ಮೊಡವೆಯಂಥ ಉಬ್ಬುಗಳಾಗುವುದು. ಮೊದಲನೆಯದಕ್ಕೆ ಕಾರಣ ಅಂಚು ಕೆರೆಯುವ ಯಂತ್ರ ಓಡಿಸದಿರುವುದು, ಮೂರನೆಯದಕ್ಕೆ ಗಾಳಿಯ ತೇವ ತೆಗೆಯುವ ಯಂತ್ರ ಸಾಲದಿರುವುದು.

ಜಾಂಬೋನಿ ಎಂದು ಎಲ್ಲರೂ ಕರೆಯುವ ಗಾಡಿ ಐಸ್‌ನ ಮೇಲ್ಪದರ ಕೆರೆದು, ಗೀರುಗಳನ್ನು ತೊಳೆದು, ಹಿಂದಿನ ಬಟ್ಟೆಯಿಂದ ತೆಳುವಾಗಿ ಬಿಸಿನೀರು ಹರಡುತ್ತಾ ಹೋಗುತ್ತದೆ. ಬಿಸಿನೀರು ಯಾಕೆಂದರೆ ಅದು ಮೇಲಿನ ಗೀರುಗಳನ್ನು ಕೊಂಚ ಕರಗಿಸಿ ಹಳೆಯ ಐಸ್ ಜೊತೆ ಬೆಸೆದುಕೊಳ್ಳುತ್ತದೆ, ಅದರಲ್ಲಿ ಕರಗಿದ ಗಾಳಿಯೂ ಕಡಿಮೆ. ಗಾಡಿ ಹೊರಟ ತಕ್ಷಣ ನುಗ್ಗಬೇಡಿ. ಮೇಲೆ ಹೊಳೆಯುವ ನೀರಿನ ಪೊರೆ ಮಂಕಾಗುವ ತನಕ ಕಾಯಿರಿ, ನಾಲ್ಕೈದು ನಿಮಿಷ ಸಾಕು. ಒದ್ದೆ ಐಸ್ ಮೇಲೆ ಇಳಿದರೆ ಗೀರುಗಳು ಆಳವಾಗಿ ಬಿದ್ದು ಆ ಅವಧಿ ಪೂರ್ತಿ ಹಾಗೇ ಉಳಿಯುತ್ತವೆ. ಆಮೇಲಿನ ಮೊದಲ ಇಪ್ಪತ್ತು ನಿಮಿಷವೇ ಕಲಿಯುವವರಿಗೆ ಚಿನ್ನದಂಥ ಸಮಯ. ಟಿಕೆಟ್ ಕೊಳ್ಳುವ ಮೊದಲು ಐಸ್ ಸರಿಮಾಡುವ ಹೊತ್ತು ಯಾವುದೆಂದು ಕೌಂಟರ್‌ನಲ್ಲಿ ಕೇಳಿಕೊಂಡರೆ ಒಳ್ಳೆಯದು.

ಬಾಡಿಗೆ ಸ್ಕೇಟ್ ವಿಷಯದಲ್ಲಿ ಯಾವ ರಿಂಕ್‌ನಲ್ಲಾದರೂ ಒಂದೇ ಜಾಗ್ರತೆ. ಬ್ಲೇಡ್‌ನ ಅಂಚಿಗೆ ಉಗುರನ್ನು ಅಡ್ಡಲಾಗಿ ಹಗುರಾಗಿ ಎಳೆಯಿರಿ. ಉಗುರಿನಿಂದ ಸಣ್ಣ ಪುಡಿ ಎದ್ದರೆ ಹರಿತವಿದೆ ಎಂದರ್ಥ. ಜಾರಿಹೋದರೆ ಮೊಂಡು, ಬೇರೆ ಜೋಡಿ ಕೇಳಿ. ಮೊಂಡು ಬ್ಲೇಡ್‌ನಲ್ಲಿ ಕಾಲು ಪಕ್ಕಕ್ಕೆ ಸರಿದು ಮಗು ಮತ್ತೆ ಮತ್ತೆ ಬೀಳುತ್ತದೆ, ತನಗೆ ಬರುವುದಿಲ್ಲ ಎಂದು ಅಳುತ್ತದೆ. ತಪ್ಪು ಮಗುವಿನದಲ್ಲ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಸಬೇಡಿ. ಅದು ಬೂಟಿನೊಳಗೆ ಮಡಿಕೆ ಬಿದ್ದು ಹಿಮ್ಮಡಿ ಎದ್ದೇಳುತ್ತದೆ. ಮೊಣಕಾಲ ಕೆಳಗಿನ ತನಕ ಬರುವ ತೆಳು ಕಾಲುಚೀಲ ಸಾಕು.

ಲೇಸ್ ಕಟ್ಟುವುದರಲ್ಲೇ ಅರ್ಧ ಸ್ಕೇಟಿಂಗ್ ಇದೆ. ಹಿಮ್ಮಡಿಯನ್ನು ನೆಲಕ್ಕೆ ಒಮ್ಮೆ ಕುಟ್ಟಿ ಬೂಟಿನ ಹಿಂಬದಿಗೆ ಕೂರಿಸಿ. ಬೆರಳುಗಳ ಕಡೆ ಲೇಸ್ ಸಡಿಲ, ಪಾದ ಮಡಚುವ ಜಾಗದಲ್ಲಿ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ಒಂದು ಬೆರಳು ತೂರುವಷ್ಟು ಸಡಿಲ. ಹೆಚ್ಚಿನವರು ಮಾಡುವುದು ತಲೆಕೆಳಗು: ಬೆರಳ ಕಡೆ ಬಿಗಿದು ರಕ್ತ ನಿಲ್ಲಿಸುತ್ತಾರೆ, ಗಿಣ್ಣಿನ ಹತ್ತಿರ ಸಡಿಲ ಬಿಡುತ್ತಾರೆ. ಹದಿನೈದು ನಿಮಿಷಕ್ಕೆ ಕಾಲು ಜೋಮು, ಗಿಣ್ಣು ಒಳಕ್ಕೆ ವಾಲುತ್ತದೆ. ಉಳಿದ ಲೇಸ್ ತುದಿಯನ್ನು ಬೂಟಿನೊಳಗೆ ಸಿಕ್ಕಿಸಿ, ನೇತಾಡಿದರೆ ಬ್ಲೇಡ್ ಕೆಳಗೆ ಬಂದೀತು.

ಕೈಗವಸು ಎಲ್ಲರಿಗೂ ಬೇಕು, ಚಳಿಗಿಂತ ಹೆಚ್ಚಾಗಿ ಬಿದ್ದಾಗ ಬೆರಳು ತರಚದಿರಲು. ಚಿಕ್ಕ ಮಕ್ಕಳಿಗೆ ಸೈಕಲ್ ಹೆಲ್ಮೆಟ್ ಆದರೂ ಇರಲಿ. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಟ್ರ್ಯಾಕ್ ಪ್ಯಾಂಟ್ ವಾಸಿ, ಇನ್ನೊಂದು ಜೊತೆ ಚೀಲದಲ್ಲಿ. ಬೀಳುವುದನ್ನು ಮೊದಲೇ ಕಲಿಸಿ: ಮೊಣಕಾಲು ಬಾಗಿಸಿ ಪಕ್ಕಕ್ಕೆ, ಸೊಂಟದ ಮೇಲೆ, ಕೈ ಮುಷ್ಟಿ ಮಾಡಿ. ಬಿದ್ದಮೇಲೆ ಅಂಗೈ ಊರಿ ಬೆರಳು ಹರಡಿಕೊಂಡು ಕೂತಿರಲು ಬಿಡಬೇಡಿ. ಹೊರಗೆ ಸಿಡ್ನಿಯ ಜನವರಿ ಬಿಸಿಲಿದ್ದರೂ ಸ್ಕೇಟ್ ಮಾಡದೆ ಕೂತು ನೋಡುವ ಅಜ್ಜಿ ತಾತನಿಗೆ ಸ್ವೆಟರ್, ಮಂಕಿ ಕ್ಯಾಪ್ ಒಯ್ಯಲೇಬೇಕು. ಊರಿನಿಂದ ಮೊಮ್ಮಕ್ಕಳನ್ನು ನೋಡಲು ಬಂದವರು ಮೊದಲ ಹತ್ತು ನಿಮಿಷ ಖುಷಿಪಟ್ಟು ಆಮೇಲೆ ನಡುಗುವುದು ಸಾಮಾನ್ಯ.

ತಲುಪುವುದು ಸುಲಭ, ಮತ್ತು ಈ ಮಾತಿನಲ್ಲಿ ಮ್ಯಾಕ್ವಾರಿಗೆ ಸರಿಸಾಟಿ ಕಡಿಮೆ. 2019ರ ಮೇ ತಿಂಗಳಲ್ಲಿ ಶುರುವಾದ ಮೆಟ್ರೊದ ಮ್ಯಾಕ್ವಾರಿ ಯೂನಿವರ್ಸಿಟಿ ನಿಲ್ದಾಣ ಮಾಲ್‌ನ ಮಗ್ಗುಲಲ್ಲೇ ಇದೆ. ಕನ್ನಡದ ಮನೆಗಳು ಸಾಕಷ್ಟಿರುವ ರೌಸ್ ಹಿಲ್, ಕೆಲ್ಲಿವಿಲ್ ಕಡೆಯಿಂದ ಒಂದೇ ಮೆಟ್ರೊದಲ್ಲಿ ಬರಬಹುದು. 2024ರ ಆಗಸ್ಟ್‌ನಿಂದ ನಗರದ ಸೆಂಟ್ರಲ್ ನಿಲ್ದಾಣದ ಕಡೆಯಿಂದಲೂ ನೇರ ಗಾಡಿ. ಹದಿನಾಲ್ಕು ವರ್ಷದ ಹುಡುಗಿ ಅಪ್ಪ ಅಮ್ಮನ ಕಾರಿಗೆ ಕಾಯದೆ ಬೆಳಗಿನ ಅಭ್ಯಾಸಕ್ಕೆ ಹೋಗಬಹುದಾದ ರಿಂಕ್ ಇದು. ಮುಚ್ಚಿದ್ದರೆ ಮೊದಲು ಆಟ ಬಿಡುತ್ತಿದ್ದವರು ಇಂಥವರೇ. ಕಾರಿನಲ್ಲಿ ಬಂದರೆ ಮಾಲ್‌ನ ಪಾರ್ಕಿಂಗ್ ಎಷ್ಟು ಹೊತ್ತು ಪುಕ್ಕಟೆ ಎಂದು ಬೋರ್ಡ್ ನೋಡಿಕೊಳ್ಳಿ. ಸ್ಕೇಟ್ ಬದಲಿಸುವ ಹೊತ್ತನ್ನೂ ಲೆಕ್ಕ ಹಿಡಿಯಿರಿ. ಶಾಲೆ ರಜೆಯಲ್ಲಿ, ಶನಿವಾರ ಭಾನುವಾರ ಮಧ್ಯಾಹ್ನ ಜಾತ್ರೆ. ಕಲಿಯುವವರಿಗೆ ವಾರದ ದಿನಗಳೇ ಸರಿ.

ಇನ್ನು ಅಂಗಡಿಯಾಗಿಸುವ ಮಾತು. ರಿಂಕ್ ಅಂದರೆ ಐಸ್ ಹಾಸಿದ ಹಾಲ್ ಎಂದುಕೊಂಡವರು, ಬೇಕಾದರೆ ಮುಂದೆ ಇನ್ನೆಲ್ಲಾದರೂ ಮಾಡಿದರಾಯಿತು ಎನ್ನುತ್ತಾರೆ. ಹಾಗಾಗುವುದಿಲ್ಲ. ಐಸ್ ಕೆಳಗೆ ಕಾಂಕ್ರೀಟ್ ಹಾಸು, ಅದರೊಳಗೆ ಹತ್ತಿರ ಹತ್ತಿರ ಸಾಲಾಗಿ ಕಿಲೋಮೀಟರ್‌ಗಟ್ಟಲೆ ಕೊಳವೆ, ಕೊಳವೆಯಲ್ಲಿ ಸೊನ್ನೆಗಿಂತ ಬಹಳ ಕೆಳಗೆ ತಣಿಸಿದ ಉಪ್ಪುನೀರು ಅಥವಾ ಗ್ಲೈಕಾಲ್. ಹಾಸಿನ ಕೆಳಗೆ ಶಾಖನಿರೋಧಕ ಪದರ. ಚೆನ್ನಾಗಿ ಕಟ್ಟಿದ ಕಡೆ ಅದಕ್ಕೂ ಕೆಳಗೆ ನೆಲವನ್ನು ಬೆಚ್ಚಗಿಡುವ ಇನ್ನೊಂದು ಕೊಳವೆ ಜಾಲ. ಅದಿಲ್ಲದಿದ್ದರೆ ವರ್ಷಗಟ್ಟಲೆ ತಂಪು ಇಳಿದು ಮಣ್ಣಿನ ತೇವ ಹೆಪ್ಪುಗಟ್ಟುತ್ತದೆ, ನೆಲ ಉಬ್ಬಿ ಹಾಸು ಸೀಳುತ್ತದೆ. ಅಂಥ ನೆಲದ ಮೇಲಿನ ಐಸ್ ಒಮ್ಮೆ ಪೂರ್ತಿ ಕರಗಿಸಿದರೆ ಹೆಪ್ಪುಗಟ್ಟಿದ ಮಣ್ಣೂ ಕರಗಿ ಹಾಸು ಏರುಪೇರಾಗಿ ಕುಸಿಯುತ್ತದೆ. ಇದರ ಜೊತೆ ಕಂಪ್ರೆಸರ್ ಕೋಣೆ, ತೇವ ತೆಗೆಯುವ ಯಂತ್ರ, ಕೆರೆದ ಹಿಮ ಸುರಿಯುವ ಗುಂಡಿ, ಸ್ಕೇಟ್ ಹರಿತ ಮಾಡುವ ಕೋಣೆ. ಅಂಗಡಿಗೆ ಇವೊಂದೂ ಬೇಡ. ಕಿತ್ತು ಟೈಲ್ಸ್ ಹಾಕಿದ ಮೇಲೆ ಮತ್ತೆ ರಿಂಕ್ ಮಾಡುವುದೆಂದರೆ ಬುನಾದಿಯಿಂದ ಕಟ್ಟುವ ಕೆಲಸ. ನಿಲ್ಲಿಸಿದ ರಿಂಕ್ ಮರಳಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಪಾಠವಿದೆ: ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ಒಲಿಂಪಿಕ್ ಅಳತೆಯ ರಿಂಕ್ ಆಮೇಲೆ ದಶಕಕ್ಕೂ ಹೆಚ್ಚು ಕಾಲ ಬೀಗ ಹಾಕಿಸಿಕೊಂಡು ಕೂತಿತ್ತು, ಮತ್ತೆ ತೆರೆದದ್ದು 2025ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಸ್ಕೇಟರ್‌ಗಳು ಹೊರದೇಶಕ್ಕೆ ಹೋಗಿಯೋ ಆಟ ಬಿಟ್ಟೋ ಮುಗಿಸಿದರು.

ಪಾರಂಪರಿಕ ಪಟ್ಟಿಗೆ ಸೇರಿಸಿದರೆ ಗೆದ್ದಂತೆ ಎಂದು ನಂಬುವವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ಕಡೆ ನೋಡಬೇಕು. ಅಲ್ಲಿಯ ಐಸ್‌ಲ್ಯಾಂಡ್ ಬಾಗಿಲು ತೆರೆದದ್ದು 1940ರಲ್ಲಿ. ಅಮೆರಿಕದ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್ 1947, 1957, 1966ರಲ್ಲಿ ಅಲ್ಲಿ ನಡೆದಿತ್ತು. 1966ರಲ್ಲಿ ಅಲ್ಲಿ ಮಹಿಳೆಯರ ಪಟ್ಟ ಗೆದ್ದವಳು ಹೆಸರಾಂತ ಸ್ಕೇಟರ್ ಪೆಗ್ಗಿ ಫ್ಲೆಮಿಂಗ್. ಹಳೆಯ ಅಮೋನಿಯಾ ಶೀತಲೀಕರಣದ ಸುರಕ್ಷತೆ, ಅದನ್ನು ಬದಲಿಸುವ ಖರ್ಚು, ಇಳಿಯುತ್ತಿದ್ದ ಆದಾಯ ಒಟ್ಟಿಗೆ ಕುತ್ತಿಗೆ ಹಿಡಿದವು, 2007ರ ಮಾರ್ಚ್ ಕೊನೆಗೆ ರಿಂಕ್ ಮುಚ್ಚಿತು. ಊರಿನವರು ಸಂಘ ಕಟ್ಟಿ ವರ್ಷಗಟ್ಟಲೆ ಹಣ ಕೂಡಿಸಿದರು, ಕಟ್ಟಡಕ್ಕೆ ನಗರದ ಪಾರಂಪರಿಕ ಮಾನ್ಯತೆ ಸಿಕ್ಕಿತು. ಆದರೂ 2014ರಲ್ಲಿ ಒಳಗೆ ಬಂದದ್ದು ಕ್ರೀಡಾ ಸಾಮಾನಿನ ಅಂಗಡಿ. ಕಟ್ಟಡ ಉಳಿಯಿತು, ಐಸ್ ಹೋಯಿತು. ಗೋಡೆಗೆ ಕೊಡುವ ರಕ್ಷಣೆ ಗೋಡೆಯನ್ನಷ್ಟೇ ಕಾಯುತ್ತದೆ.

ಲಂಡನ್‌ನ ಸ್ಟ್ರೆಥಮ್‌ನದು ಮೂರನೆಯ ಬಗೆ. 1931ರ ರಿಂಕ್ ಟೆಸ್ಕೊ ಸೂಪರ್‌ಮಾರ್ಕೆಟ್‌ನ ಯೋಜನೆಗಾಗಿ 2011ರ ಡಿಸೆಂಬರ್‌ನಲ್ಲಿ ಮುಚ್ಚಿತು, ಆದರೆ ಸ್ಕೇಟರ್‌ಗಳು ಬಿಡದೆ ಹಟ ಹಿಡಿದದ್ದರಿಂದ ಬ್ರಿಕ್ಸ್‌ಟನ್‌ನಲ್ಲಿ ತಾತ್ಕಾಲಿಕ ರಿಂಕ್ ಬಂತು, 2013ರಲ್ಲಿ ಅದೇ ಜಾಗದಲ್ಲಿ ಹೊಸದು ತೆರೆಯಿತು. ಹಳೆಯ ಕಟ್ಟಡ ಹೋಯಿತು, ಐಸ್ ಉಳಿಯಿತು. ನಮ್ಮ ಅಭಿಪ್ರಾಯದಲ್ಲಿ ಬರ್ಕ್ಲಿಗಿಂತ ಇದು ಮೇಲು, ಮ್ಯಾಕ್ವಾರಿಯಲ್ಲಿ ಆದದ್ದು ಎಲ್ಲಕ್ಕಿಂತ ಮೇಲು.

ಮ್ಯಾಕ್ವಾರಿಯಲ್ಲಿ ಯಾಕೆ ಕೆಲಸ ಮಾಡಿತು? ಮೊದಲ ಕಾರಣ, ಐಸ್ ಇನ್ನೂ ಇದ್ದಾಗಲೇ, ಯಂತ್ರ ಓಡುತ್ತಿದ್ದಾಗಲೇ ಜನ ಎದ್ದರು. ಬರ್ಕ್ಲಿಯ ಹೋರಾಟದ ಬಹುಪಾಲು ಮುಚ್ಚಿದ ಬಾಗಿಲ ಎದುರು ನಡೆದದ್ದು. ಎರಡನೆಯದು ಕಾಲ. 2023ರ ಮಾರ್ಚ್ 25ಕ್ಕೆ ನ್ಯೂ ಸೌತ್ ವೇಲ್ಸ್ ವಿಧಾನಸಭೆ ಚುನಾವಣೆ ಇತ್ತು. ಎರಡು ತಿಂಗಳ ಮುಂಚೆ ಮಕ್ಕಳ ರಿಂಕ್ ಮುಚ್ಚಿಸಿದ ಹೆಸರು ಯಾವ ಪಕ್ಷಕ್ಕೂ ಬೇಕಿರಲಿಲ್ಲ. ಮೂರನೆಯದು ಕಾನೂನು. ರಾಜ್ಯದ 1977ರ ಪರಂಪರೆ ಕಾಯ್ದೆಯಡಿ ಮಧ್ಯಂತರ ಪಾರಂಪರಿಕ ಆದೇಶ ಹೊರಡಿಸಬಹುದು. ಅದರ ಆಯುಷ್ಯ ಗರಿಷ್ಠ 12 ತಿಂಗಳು. ನಗರಸಭೆ ಹೊರಡಿಸಿದ್ದಾದರೆ ಆರು ತಿಂಗಳೊಳಗೆ ಪಟ್ಟಿಗೆ ಸೇರಿಸುವ ತೀರ್ಮಾನವಾಗದಿದ್ದರೆ ಬಿದ್ದುಹೋಗುತ್ತದೆ. ಅದು ಒಡೆಯುವುದನ್ನು ತಡೆಯುತ್ತದೆ, ಗುತ್ತಿಗೆ ಮುಂದುವರಿಸು ಎಂದು ಮಾಲೀಕರಿಗೆ ಹೇಳಲಾರದು. ಆದರೂ ಒಡೆಯಲಾಗದ ಜಾಗವನ್ನು ಅಂಗಡಿಗೆ ಬಾಡಿಗೆ ಕೊಡಲಾಗದು, ಹಾಗಾಗಿ ಮಾತುಕತೆಯ ಮೇಜಿಗೆ ಬರುವುದೇ ಲಾಭ ಎನ್ನುವ ಸ್ಥಿತಿ ಹುಟ್ಟುತ್ತದೆ. ಉಳಿಸುವುದು ಕೊನೆಗೆ ಗುತ್ತಿಗೆ ಪತ್ರವೇ. ಅದರಲ್ಲಿ ಅವಧಿ ಎಷ್ಟು, ಪುನರಾಭಿವೃದ್ಧಿಗಾಗಿ ಮಾಲೀಕರು ಮಧ್ಯದಲ್ಲೇ ಬಿಡಿಸಬಹುದೇ, ಎಷ್ಟು ತಿಂಗಳ ನೋಟಿಸ್, ಕಂಪ್ರೆಸರ್ ಬದಲಿಸುವ ಖರ್ಚು ಯಾರದು ಎಂಬ ನಾಲ್ಕು ಸಾಲು ಓದಿದರೆ ರಿಂಕ್‌ನ ಭವಿಷ್ಯ ಗೊತ್ತಾಗುತ್ತದೆ. ಯಾವ ಊರಿನಲ್ಲಾದರೂ ರಿಂಕ್ ಉಳಿಸುವ ಸಮಿತಿ ಮೊದಲು ಕೇಳಬೇಕಾದದ್ದು ಇವನ್ನೇ.

ಸಹಿ ಸಂಗ್ರಹದಲ್ಲೂ ಒಂದು ವಿವೇಕ ಬೇಕು. ಖಾಸಗಿ ಜಾಲತಾಣದ ಸಹಿಗಳಿಂದ ಸುದ್ದಿಯಾಗುತ್ತದೆ, ಅದೂ ಬೇಕು. ಆದರೆ ನ್ಯೂ ಸೌತ್ ವೇಲ್ಸ್ ವಿಧಾನಸಭೆಯ ಅಧಿಕೃತ ಅರ್ಜಿಗೆ 20,000 ಸಹಿ ದಾಟಿದರೆ ಸದನದಲ್ಲಿ ಚರ್ಚೆಯಾಗುತ್ತದೆ. ಸಹಿ ಹಾಕುವವರು ರಾಜ್ಯದ ನಿವಾಸಿಗಳಾಗಿರಬೇಕು. ಸಹಿಗಳ ಜೊತೆಗೆ ಬಳಕೆಯ ಪಟ್ಟಿ ಇಡಿ: ವಾರಕ್ಕೆ ಎಷ್ಟು ತರಗತಿ, ಎಷ್ಟು ಶಾಲೆ, ಯಾವ ಕ್ಲಬ್‌ಗೆ ಎಷ್ಟು ಗಂಟೆ, ಹತ್ತಿರದ ಬೇರೆ ರಿಂಕ್‌ಗೆ ಬಸ್ಸಿನಲ್ಲಿ ಎಷ್ಟು ಹೊತ್ತು. ಭಾವುಕ ಪತ್ರಗಳ ಕಟ್ಟಿಗಿಂತ ಇಂಥ ಒಂದು ಹಾಳೆಯನ್ನು ಅಧಿಕಾರಿಗಳು ಹೆಚ್ಚು ಗಮನವಿಟ್ಟು ಓದುತ್ತಾರೆ.

ಸೇವೆಯಾಗಿ ಮ್ಯಾಕ್ವಾರಿ ರಿಂಕ್‌ಗೆ ನಮ್ಮ ಪೂರ್ಣ ಶಿಫಾರಸು. ಒಂದು ಸಲ ಆಡಿ ಬರುವ ಟಿಕೆಟ್‌ಗಿಂತ ಮಕ್ಕಳನ್ನು ಒಂದು ಅವಧಿಯ ಕಲಿಕೆ ತರಗತಿಗೆ ಸೇರಿಸಿ. ರಿಂಕ್‌ನ ಆದಾಯ ನಿಲ್ಲುವುದು ಖಾಯಂ ಬರುವವರ ಮೇಲೆ, ರಜೆಯ ಜಂಗುಳಿಯ ಮೇಲಲ್ಲ. ಮ್ಯಾಕ್ವಾರಿ ಪಾರ್ಕ್ ಸುತ್ತ ಹೊಸ ಗೋಪುರಗಳ ಯೋಜನೆಗಳು ಬರುತ್ತಲೇ ಇವೆ. ರೈಡ್ ನಗರಸಭೆ ಯಾವುದಾದರೂ ಪ್ರಸ್ತಾವವನ್ನು ಸಾರ್ವಜನಿಕರ ಮುಂದಿಟ್ಟಾಗ ಅಭಿಪ್ರಾಯ ಬರೆದು ಕಳಿಸಲು ಆಸ್ಟ್ರೇಲಿಯಾ ಪೌರತ್ವವಾಗಲಿ, ಮತದಾನದ ಹಕ್ಕಾಗಲಿ ಬೇಕಿಲ್ಲ. ಕೆಲಸದ ವೀಸಾದಲ್ಲಿರುವವರೂ ಬರೆಯಬಹುದು. ಪ್ರಸ್ತಾವದ ಸಂಖ್ಯೆ ಮೇಲೆ ಹಾಕಿ, ರಿಂಕ್ ಅದೇ ಜಾಗದಲ್ಲಿ, 60ಕ್ಕೆ 30 ಅಳತೆಯಲ್ಲಿ, ಕಟ್ಟಡ ಕೆಲಸದ ನಡುವೆಯೂ ನಿಲ್ಲದೆ ನಡೆಯಬೇಕು ಎಂದು ಮೂರು ಷರತ್ತು ಬಿಡಿಬಿಡಿಯಾಗಿ ಬರೆಯಿರಿ. ಕೊನೆಯ ದಿನಾಂಕದೊಳಗೆ ಕಳಿಸಿ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ.